ನಮ್ಮ ಬಾಗಿಲು ದಾಟಿ ಹೋದ ಸುದ್ದಿ

ನಮ್ಮ ಯಜಮಾನರು ನಡೆಸುತ್ತಿದ್ದ ಶಾಲೆ ಸರ್ಕಾರದ್ದಲ್ಲ. ಮದ್ದೂರಿನಿಂದ ಸೋಮನಹಳ್ಳಿ ಕಡೆಗೆ ಹೋಗುವ ರಸ್ತೆ ಬಿಟ್ಟು ಒಳಗೆ ಸರಿದರೆ ನಮ್ಮ ಹಳ್ಳಿ. ಅಲ್ಲಿ ಒಬ್ಬ ಗೌಡರ ಆಲೆಮನೆಯಲ್ಲಿ ಶಾಲೆ ನಡೆಯುತ್ತಿತ್ತು. ಕಬ್ಬು ಅರೆದು ಬೆಲ್ಲ ಕಾಯಿಸುವ ತಿಂಗಳುಗಳಲ್ಲಿ ಮಕ್ಕಳು ಹೊರಗೆ ಹೊಂಗೆ ಮರದ ಕೆಳಗೆ ಕೂರುವರು. ಆಲೆ ನಿಂತ ಮೇಲೆ ಒಳಗೆ. ಗೋಡೆಯೆಲ್ಲ ಹೊಗೆ ಹಿಡಿದು ಕಪ್ಪಾಗಿತ್ತು. ಬೇರೆ ಕರಿಹಲಗೆ ಯಾಕೆ ಎಂದು ಅವರು ಆ ಗೋಡೆಯ ಮೇಲೇ ಸುಣ್ಣದ ಕಡ್ಡಿಯಿಂದ ಲೆಕ್ಕ ಬರೆಯುತ್ತಿದ್ದರು. ಮಕ್ಕಳ ಮನೆಯವರು ರಾಗಿ ಕೊಡುವರು, ಕಾಳು ಕೊಡುವರು, ಕೆಲವರು ಏನೂ ಕೊಡುತ್ತಿರಲಿಲ್ಲ. ಅದರಲ್ಲೇ ನಮ್ಮ ಸಂಸಾರ. ನಮಗೆ ಮಕ್ಕಳಾಗಲಿಲ್ಲ.

ಆ ಶಾಲೆಗೆ ಒಂದು ಪದ್ಧತಿ ಇತ್ತು. ಅವರೇ ಮಾಡಿದ್ದು. ಯಾವುದಾದರೂ ಮಗು ಒಂದು ಹಂತ ದಾಟಿದರೆ ಆಲೆಮನೆ ಗೌಡರು ಒಂದು ಅಚ್ಚು ಬೆಲ್ಲ ಕೊಡುವರು. ಮರಳಿನ ಮೇಲೆ ಬೆರಳಲ್ಲಿ ತಿದ್ದುತ್ತಿದ್ದವನಿಗೆ ಸ್ಲೇಟು ಬಂದರೆ ಬೆಲ್ಲ. ಹದಿನೇಳರ ಮಗ್ಗಿ ತಡವರಿಸದೆ ಒಪ್ಪಿಸಿದರೂ ಬೆಲ್ಲ. ಮಗು ಅದನ್ನು ಚೂರು ಮಾಡಿ ತಟ್ಟೆಯಲ್ಲಿಟ್ಟುಕೊಂಡು ಬೀದಿಯ ಮನೆಮನೆಗೂ ಹೋಗಿ, ಬಾಗಿಲಲ್ಲಿ ನಿಂತು ತಾನು ಕಲಿತದ್ದನ್ನು ಹೇಳಿ, ಒಂದು ಚೂರು ಕೊಟ್ಟು ಮುಂದಿನ ಮನೆಗೆ ಹೋಗಬೇಕು. ಮೊದಲ ಚೂರು ಮೇಷ್ಟ್ರ ಮನೆಗೆ. ಬರಿಗೈಯಲ್ಲಿ ಸುದ್ದಿ ಹೇಳಕೂಡದು. "ಓದಿನ ವಿಷಯ ಅಂದರೆ ಯಾರೂ ನಿಂತು ಕೇಳೋಲ್ಲ. ಬೆಲ್ಲ ಅಂದರೆ ಮುದುಕಿಯೂ ಎದ್ದು ಬರ್ತಾಳೆ," ಎನ್ನುತ್ತಿದ್ದರು.

ನನಗೆ ಮಾತ್ರ ಸುದ್ದಿ ಎರಡು ಸಲ ಬರುತ್ತಿತ್ತು. ಹಿಂದಿನ ದಿನ ಊಟಕ್ಕೆ ಕೂತಾಗಲೇ ಅವರು ಎಲ್ಲವನ್ನೂ ಹೇಳಿಬಿಟ್ಟಿರುತ್ತಿದ್ದರು. ಮರುದಿನ ಮಗು ತಟ್ಟೆ ಹಿಡಿದು ಬಂದಾಗ ನಾನು ಏನೂ ಗೊತ್ತಿಲ್ಲದವಳ ಹಾಗೆ ಕಣ್ಣರಳಿಸಬೇಕು. ಒಂದು ಸಲ ಒಬ್ಬ ಪುಟ್ಟ ಹುಡುಗ ನನ್ನ ಮುಖ ನೋಡಿ, "ಮೇಷ್ಟ್ರು ಆಗ್ಲೇ ಏಳವ್ರೆ ಅಲ್ವಾ? ಸುಮ್ನೆ ನಾಟ್ಕ ಆಡ್ತೀರಿ," ಎಂದ. ಅವತ್ತು ಅವರು ಊಟದ ಮುಂದೆ ಕೂತು ನಕ್ಕಿದ್ದು ಇನ್ನೂ ಕಿವಿಯಲ್ಲಿದೆ.

ಅವರು ಹೋದದ್ದು ಸ್ವಾತಂತ್ರ್ಯ ಬಂದ ವರ್ಷದ ಮೊದಲಲ್ಲಿ, ಚಳಿ ಇನ್ನೂ ಬಿಡದಿದ್ದಾಗ. ಎದೆಯಲ್ಲಿ ಕಫ ಕಟ್ಟಿತು, ಜ್ವರ ಇಳಿಯಲಿಲ್ಲ. ಮಳವಳ್ಳಿಯಿಂದ ನನ್ನ ತವರಿನವರು ಬಂದರು, ತಿಥಿ ಮುಗಿಸಿ ಹೊರಟರು. ನನ್ನಣ್ಣ ಜೊತೆಗೆ ಬಾ ಎಂದು ಕರೆದ. ಪರೀಕ್ಷೆ ಮುಗಿಯಲಿ ಎಂದೆ. ಯಾರ ಪರೀಕ್ಷೆ ಎಂದು ಅವನಿಗೆ ತಿಳಿಯಲಿಲ್ಲ, ನಾನೂ ವಿವರಿಸಲಿಲ್ಲ.

ಅದು ಗಾಡಿ ಹೊಡೆಯುವವನ ಮಗಳ ಪರೀಕ್ಷೆ. ಹೈಸ್ಕೂಲಿಗೆ ಸೇರುವ ಮೊದಲು ಪಾಸಾಗಬೇಕಾದ, ಮಂಡ್ಯದಲ್ಲಿ ನಡೆಯುವ ಲೋಯರ್ ಸೆಕೆಂಡರಿಗೆ ನಮ್ಮ ಶಾಲೆಯಿಂದ ಅದುವರೆಗೆ ಯಾರೂ ಕೂತಿರಲಿಲ್ಲ. ಈ ಹುಡುಗಿಯನ್ನು ಕೂರಿಸಬೇಕೆಂದು ಅವರು ಎರಡು ವರ್ಷದಿಂದ ಪಟ್ಟು ಹಿಡಿದಿದ್ದರು. ಅವರು ಜ್ವರದಲ್ಲಿ ಮಲಗಿದ್ದಾಗಲೂ ಅವಳು ನಮ್ಮ ನಡುಮನೆಯಲ್ಲಿ ಕೂತು ಬೀಜಗಣಿತ ಮಾಡುವಳು. ಅವರು ಕಣ್ಣು ಮುಚ್ಚಿಕೊಂಡೇ, "ಮೂರನೆಯ ಸಾಲು ಇನ್ನೊಂದು ಸಲ ಓದು," ಎನ್ನುವರು. ಅವರ ಕೆಲಸಕ್ಕೆ ಏನಾದರೂ ಅರ್ಥ ಇತ್ತೇ ಇಲ್ಲವೇ ಎಂಬುದು ಆ ಹುಡುಗಿ ಪಾಸಾಗುವುದರ ಮೇಲೆ ನಿಂತಿದೆ ಎಂದು ನನಗೆ ಅನ್ನಿಸಿಬಿಟ್ಟಿತ್ತು. ಸರಿಯೋ ತಪ್ಪೋ, ಆ ತಿಂಗಳುಗಳಲ್ಲಿ ಹಿಡಿದುಕೊಳ್ಳಲು ನನಗೆ ಇದ್ದದ್ದು ಅದೊಂದೇ.

ಶಾಲೆ ನಿಲ್ಲಲಿಲ್ಲ. ಅವರ ಕೈಕೆಳಗಿದ್ದ ಆತಗೂರಿನ ಒಬ್ಬ ಯುವಕ ಮುಂದುವರಿಸಿದ. ಗಂಟೆಗೆಂದು ಕಟ್ಟಿದ್ದ ರೈಲುಕಂಬಿಯ ತುಂಡು ಬಡಿಯುವುದು ಬೆಳಗ್ಗೆ ನನಗೆ ಕೇಳಿಸುತ್ತಿತ್ತು. ಆದರೆ ಸುದ್ದಿ ಬರಲಿಲ್ಲ. ಸಾವಾದ ಮನೆಗೆ ವರ್ಷ ತುಂಬುವ ತನಕ ಸಿಹಿ ಒಯ್ಯುವ ಹಾಗಿಲ್ಲ. ಬೆಲ್ಲವಿಲ್ಲದೆ ಸುದ್ದಿ ಹೇಳುವ ಹಾಗೂ ಇಲ್ಲ. ಹೀಗೆ ಅವರು ಮಾಡಿದ ಪದ್ಧತಿಯೇ ಅವರ ಮನೆಯ ಬಾಗಿಲನ್ನು ಮುಚ್ಚಿತು. ತಟ್ಟೆ ಹಿಡಿದ ಮಕ್ಕಳು ನಮ್ಮ ಜಗಲಿಯ ಹತ್ತಿರ ಬಂದಾಗ ತಲೆ ತಗ್ಗಿಸಿ, ಕಾಲು ಬೇಗ ಹಾಕಿ, ಪಕ್ಕದ ಮನೆಗೆ ಹೋಗುವರು. ಅವರ ತಾಯಂದಿರು ಹಾಗೆ ಹೇಳಿಕೊಟ್ಟಿದ್ದರು. ಅದು ನನಗೆ ತೋರಿಸಿದ ಮರ್ಯಾದೆ ಎಂದು ನನಗೂ ಗೊತ್ತಿತ್ತು. ಆದರೂ ನಾನು ಗೋಡೆಗೆ ಹತ್ತಿರವಾಗಿ ನಿಲ್ಲುತ್ತಿದ್ದೆ. ಪಕ್ಕದ ಮನೆಯ ಬಾಗಿಲಲ್ಲಿ ಮಗು ಹೇಳಿದ್ದರಲ್ಲಿ ಅರ್ಧ ಕೇಳುವುದು. "…ರ ಮಗ್ಗಿ ಬಂತು ಕಣಜ್ಜಿ." ಎಷ್ಟರ ಮಗ್ಗಿ? ಯಾರ ಮಗ? ಇಡೀ ದಿನ ಅದೇ ಯೋಚನೆ.

ಹುಡುಗಿ ಮಂಡ್ಯಕ್ಕೆ ಹೋದದ್ದು ಕಿಟಕಿಯಿಂದ ನೋಡಿದೆ. ಅವಳಪ್ಪ ಅವಳನ್ನು ಗಾಡಿಯಲ್ಲಿ ಮದ್ದೂರು ಸ್ಟೇಷನ್ನಿಗೆ ಕರೆದುಕೊಂಡು ಹೋದ. ನಮ್ಮ ಮನೆಯ ಮುಂದೆ ಗಾಡಿ ನಿಧಾನವಾಯಿತು, ನಿಲ್ಲಲಿಲ್ಲ. ನಾನು ಎದುರಿಗೆ ಬಂದರೆ ಅಪಶಕುನವಾದೀತೆಂದು ಒಳಗೇ ಉಳಿದೆ.

ಬೇಸಿಗೆಯಲ್ಲಿ ಫಲಿತಾಂಶ ಬರುವ ಹೊತ್ತಾಯಿತು. ಗಾಡಿಯವನು ಒಂದು ದಿನ ಮಂಡ್ಯಕ್ಕೆ ಹೋಗಿ ಬಂದ. ನಾನು ಬೀದಿಯ ಕಡೆ ಕಿವಿಯಿಟ್ಟು ಕಾದೆ. ನಮ್ಮ ಮನೆಗೆ ಬರದಿದ್ದರೂ ಪಕ್ಕದ ಮನೆಗಾದರೂ ತಟ್ಟೆ ಬರಬೇಕು. ಬರಲಿಲ್ಲ. ಮರುದಿನವೂ ಬೀದಿಯಲ್ಲಿ ಬೆಲ್ಲ ಹಿಡಿದು ಯಾರೂ ಓಡಾಡಲಿಲ್ಲ. ವಾರ ಕಳೆಯಿತು. ಹುಡುಗಿ ನಪಾಸಾಗಿದ್ದಾಳೆ ಎಂದು ಮನಸ್ಸಿಗೆ ಖಚಿತವಾಯಿತು. ಅವರ ಕೋಟು ಗೂಟದಲ್ಲೇ ಇತ್ತು. ಅದನ್ನು ಕಂಡರೆ ಏನೋ ಉತ್ತರ ಹೇಳಬೇಕಾದವಳ ಹಾಗೆ ಆ ಕಡೆ ನೋಡದೆ ಓಡಾಡಿದೆ. ಅಣ್ಣನಿಗೆ ಹೇಳಿ ಕಳಿಸಿ ಮಳವಳ್ಳಿಗೆ ಹೋಗಿಬಿಡೋಣ ಎಂದುಕೊಂಡೆ.

ಹೊರಡುವ ಮೊದಲು ಒಗೆಯುವುದಿದ್ದ ಬಟ್ಟೆ ತೆಗೆದುಕೊಂಡು ಕಾಲುವೆಗೆ ಹೋದೆ. ಗಂಡಸರು ಹೊಲಕ್ಕೆ ಹೋಗಿದ್ದ ಹೊತ್ತು. ಮೆಟ್ಟಿಲ ಮೇಲೆ ಹುಡುಗಿಯ ತಾಯಿ ಒಬ್ಬಳೇ ಕಂಬಳಿ ಹಿಂಡುತ್ತಿದ್ದಳು. ಸಮಾಧಾನ ಹೇಳುವುದು ನನ್ನ ಕರ್ತವ್ಯ ಅನ್ನಿಸಿತು.

"ಬೇಜಾರು ಮಾಡ್ಕೋಬೇಡವ್ವ. ಒಂದು ಸಲ ಹೋದರೆ ಹೋಯ್ತು. ಮುಂದಿನ ವರ್ಷ ಬರೀಲಿ."

"ಏನ್ ಬರೀಲಿ?"

"ಪರೀಕ್ಷೆ."

ಅವಳು ಕಂಬಳಿ ಕೆಳಗೆ ಬಿಟ್ಟಳು. "ಅಯ್ಯೋ ನಿಮ್ಮ! ಪಾಸಾದೋಳ್ನ ಇನ್ನೊಂದ್ಕಿತ ಬರಿ ಅಂದ್ರೆ ಬರ್ದಾಳಾ? ಪಾಸಾಗವ್ಳೆ ಕಣಮ್ಮ! ಊರ್ಗೆಲ್ಲಾ ಗೊತ್ತು. ನಿಮ್ಗೆ ಯಾರೂ ಏಳ್ನಿಲ್ವಾ?"

"ಮತ್ತೆ ಬೆಲ್ಲ?" ಎಂದಷ್ಟೇ ಕೇಳಿದೆ.

"ಬೆಲ್ಲ! ಅದ್ನೇ ಕೇಳ್ತೀರಾ? ಅಡ್ಗೆಮನೇಲಿ ಇರುವೆ ಮುತ್ಕಂಡ್ ಕುಂತದೆ. ಮೊದ್ಲು ಮೇಷ್ಟ್ರ ಮನೆಗೆ ಕೊಡ್ಬೇಕು, ಅಲ್ಗೆ ಕೊಡಂಗಿಲ್ಲ, ಅದ್ಕೇ ನಾ ಯಾರ್ ಮನೆಗೂ ಓಗಾಕಿಲ್ಲ ಅಂತಾಳೆ. ನಾನೂ ಬೈದೆ, ಅವ್ರಪ್ಪನೂ ಬೈದ. ಅವ್ಳು ಜಪ್ಪಯ್ಯ ಅನ್ಲಿಲ್ಲ. ಗೌಡ್ರು ದಿನಾ ಕೇಳ್ತಾರೆ, ನನ್ ಬೆಲ್ಲ ಏನಾಯ್ತಮ್ಮಿ, ನೀನೇ ತಿಂದ್ಬುಟ್ಯಾ ಅಂತ. ಬನ್ನಿ ಮೇಷ್ಟ್ರಮ್ಮ, ನೀವೇ ಬಂದು ಒಂದ್ ಮಾತ್ ಏಳಿ, ಪುಣ್ಯ ಬತ್ತದೆ."

ಒದ್ದೆ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ಅವಳ ಹಿಂದೆ ಹೋದೆ. ಹುಡುಗಿ ಹಿತ್ತಲಲ್ಲಿ ಎತ್ತಿಗೆ ಹುಲ್ಲು ಹಾಕುತ್ತಿದ್ದಳು. ನನ್ನನ್ನು ಕಂಡು ಕೈ ಒರೆಸಿಕೊಂಡು ನೆಟ್ಟಗೆ ನಿಂತಳು. ತರಗತಿಯಲ್ಲಿ ನಿಲ್ಲುವ ಹಾಗೆ.

"ನನಗೆ ಬರಿ ಬಾಯಲ್ಲಿ ಹೇಳು," ಎಂದೆ.

"ಬರಿ ಬಾಯಲ್ಲಿ ಏಳ್ಬಾರ್ದು ಅಂತ ಮೇಷ್ಟ್ರು…"

"ಅವರ ಮಾತು ಬೀದಿಯ ಮನೆಗಳಿಗೆ. ನನಗೆ ಅವರು ಯಾವತ್ತೂ ಬರಿ ಬಾಯಲ್ಲೇ ಹೇಳಿದ್ದು."

ಆಗ ಹೇಳಿದಳು. ಗಣಿತದಲ್ಲಿ ಕೊನೆಯ ಲೆಕ್ಕ ಮೊದಲು ತಪ್ಪಿ, ಆಮೇಲೆ ಮೂರನೆಯ ಸಾಲು ಇನ್ನೊಂದು ಸಲ ಓದಿಕೊಂಡಾಗ ಸರಿಹೋಯಿತಂತೆ. ಪಕ್ಕದಲ್ಲಿ ಕೂತಿದ್ದ ಮಂಡ್ಯದ ಹುಡುಗಿಯ ಮಸಿಕುಡಿಕೆ ಉರುಳಿ ಇಬ್ಬರ ಲಂಗವೂ ನೀಲಿಯಾಯಿತಂತೆ. ಆಮೇಲೆ ಮೂರು ನಾಲ್ಕು ತಿಂಗಳಿಂದ ನಮ್ಮ ಬಾಗಿಲು ದಾಟಿ ಹೋಗಿದ್ದ ಸುದ್ದಿಗಳನ್ನೂ ಹೇಳಿದಳು. ಯಾರಿಗೆ ಸ್ಲೇಟು ಬಂತು, ಯಾರು ಮಗ್ಗಿ ಒಪ್ಪಿಸಿದರು, ಕೊಕ್ಕರೆ ಬೆಳ್ಳೂರಿನ ಅಜ್ಜಿಮನೆಗೆ ಹೋಗಿ ಬಂದ ಒಬ್ಬ ಹುಡುಗ ಕೊಕ್ಕರೆಗಳ ಮೇಲೆ ಪ್ರಬಂಧ ಬರೆದು ಅದರಲ್ಲಿ ಮುಕ್ಕಾಲು ಪಾಲು ಅಜ್ಜಿಯ ಬೈಗುಳವನ್ನೇ ತುಂಬಿಸಿದ್ದು. ಅವಳ ತಾಯಿ ನಕ್ಕಳು. ನಾನೂ ನಕ್ಕೆ, ಅವರು ಹೋದಮೇಲೆ ಮೊದಲ ಸಲ. ನಕ್ಕ ಮೇಲೆ ಹೆದರಿಕೆಯಾಯಿತು.

"ಇನ್ನು ಹಂಚಿ ಬಾ," ಎಂದೆ.

ಅವಳು ಅಲುಗಲಿಲ್ಲ. "ಮುಂದೆ ಏನ್ ಓದ್ಲಿ ಮೇಷ್ಟ್ರಮ್ಮ?" ಎಂದು ಕೇಳಿದಳು.

ನಾನು ನಾಲ್ಕನೆಯ ತರಗತಿಗೆ ಓದು ನಿಲ್ಲಿಸಿದವಳು. ಹೊಸ ಮೇಷ್ಟ್ರು ಓದಿದ್ದೂ ಲೋಯರ್ ಸೆಕೆಂಡರಿಯೇ. ಈ ಪ್ರಶ್ನೆಗೆ ಉತ್ತರ ಗೊತ್ತಿದ್ದವರು ಊರಿನಲ್ಲಿ ಒಬ್ಬರೇ ಇದ್ದರು. ಆಗಷ್ಟೇ ಮನೆಗೆ ಬಂದಿದ್ದ ಗಾಡಿಯವನು ಹಿತ್ತಲ ಬಾಗಿಲಲ್ಲಿ ನಿಂತು, "ಮಂಡ್ಯದಾಗೆ ಐಸ್ಕೂಲ್ ಅದಂತೆ. ನಂಗೆ ಅಲ್ಲೆಲ್ಲಾ ಮಾತಾಡಾಕ್ ಬರಾಕಿಲ್ಲ ಕಣವ್ವ," ಎಂದ.

"ನಾನು ಬರುತ್ತೇನೆ," ಎಂದೆ. ಸಾವಾದ ಮನೆಯವಳು ಶುಭಕಾರ್ಯಕ್ಕೆ ಹೊರಡುವುದೇ ಎಂದು ಅವಳ ತಾಯಿ ಅನ್ನಬಹುದೆಂದು ಕಾದೆ. ಅವಳು, "ರೈಲ್ನಾಗೆ ತಿನ್ನಾಕೆ ರೊಟ್ಟಿ ತಟ್ಕೊಡ್ತೀನಿ," ಎಂದಳು.

ಶಾಲೆಗಳು ತೆರೆದ ಮೇಲೆ ಮಂಡ್ಯಕ್ಕೆ ಹೋದೆವು. ಹೈಸ್ಕೂಲಿನ ಕಚೇರಿಯಲ್ಲಿ ಕನ್ನಡಕದ ಗುಮಾಸ್ತರೊಬ್ಬರು ಹುಡುಗಿಯನ್ನು ಪ್ರಶ್ನೆ ಕೇಳಿದರು. ಅವಳು ಹೇಳಿದ ಉತ್ತರಕ್ಕೆ ತಲೆಯಾಡಿಸಿ, "ಯಾವ ಶಾಲೆಯಮ್ಮ ನಿನ್ನದು?" ಎಂದು ಕೇಳಿದರು. ಅವಳು ಹೇಳಿದಳು. "ಆಲೆಮನೆಯಲ್ಲೇ? ಚೆನ್ನಾಗಿ ಕಲಿಸಿದ್ದಾರೆ," ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

"ನೀವು ಯಾರಮ್ಮ?"

"ಇವಳ ಮೇಷ್ಟ್ರ ಮನೆಯವಳು."

"ಮೇಷ್ಟ್ರು ಬರಲಿಲ್ಲವೇ?"

ಅಷ್ಟು ದಿನಗಳಲ್ಲಿ ಹಾಗೆ ಕೇಳಿದವರು ಅವರೊಬ್ಬರೇ. ಉಳಿದವರಿಗೆಲ್ಲ ಗೊತ್ತಿತ್ತು. ಆ ಗುಮಾಸ್ತರ ಮನಸ್ಸಿನಲ್ಲಿ ನಮ್ಮ ಯಜಮಾನರು ಇನ್ನೂ ನಮ್ಮ ಊರಿನಲ್ಲಿ ಗೋಡೆಯ ಮೇಲೆ ಲೆಕ್ಕ ಬರೆಯುತ್ತ ನಿಂತಿದ್ದರು. ಗಾಡಿಯವನು ಬಾಯಿ ತೆರೆದ. ಅವನಿಗಿಂತ ಮೊದಲು ನಾನೇ ಹೇಳಿದೆ.

"ಇವತ್ತು ಶಾಲೆ ಇದೆ. ಬಿಟ್ಟು ಬರೋಕಾಗಲಿಲ್ಲ."

ಹುಡುಗಿ ನನ್ನ ಕಡೆ ನೋಡಲಿಲ್ಲ. ಗಾಡಿಯವನು ಹೆಗಲ ಮೇಲಿನ ಟವೆಲ್ಲನ್ನು ಕೈಗೆ ತೆಗೆದುಕೊಂಡು ಮಡಿಸತೊಡಗಿದ. ಗುಮಾಸ್ತರು ಸರಿ ಎಂದು ತಲೆಯಾಡಿಸಿ ಲೇಖನಿಯನ್ನು ಮಸಿಯಲ್ಲಿ ಅದ್ದಿದರು.