ತುಳಿಯಬಾರದ ಹಾಳೆ

ಬಿಸಿಲಿಗೆ ಫಿಲಂ ತಾನಾಗಿಯೇ ಕೆಂಪಾಗಿಬಿಡಬಹುದಿತ್ತು. ಬೀದರದ ಅಂಚಿನ ಕೊಳಾರದ ಕಾರ್ಖಾನೆಯಿಂದ ತರುವಾಗ ಆಟೋದಲ್ಲಿ ಯಾರಾದರೂ ಪುಣ್ಯಾತ್ಮರು ಆ ಪೊಟ್ಟಣದ ಮೇಲೆ ಕೂತಿರಬಹುದಿತ್ತು. ಕತ್ತರಿಸುವಾಗ ನನ್ನ ಬೆವರುಗೈ ತಾಗಬಹುದಿತ್ತು, ಎರಡು ಹಾಳೆಗಳನ್ನು ತಿರುವುಮುರುವು ಇಡಬಹುದಿತ್ತು. ಔರಾದ ಬಸ್ಸು ದಾರಿಯಲ್ಲಿ ಕೆಟ್ಟು ಟೀಚರಬಾಯಿ ಬರದೇ ಹೋಗಬಹುದಿತ್ತು. ಬಂದರೂ ಅಷ್ಟರಲ್ಲಿ ಹುಣ್ಣು ಎಲುಬಿಗೆ ಇಳಿದಿರಬಹುದಿತ್ತು. ವಾರಕ್ಕೊಮ್ಮೆ ಭಾಲ್ಕಿಯಿಂದ ಬರುವ ಡಾಕ್ಟರು ಅವತ್ತೇ ರಜೆ ಹಾಕಬಹುದಿತ್ತು. ನಾನು ಮಾಡಿಕೊಟ್ಟ ಚಪ್ಪಲಿಯೇ ತಪ್ಪು ಎಂದು ನಾಲ್ಕು ಜನರೆದುರು ಗೊತ್ತಾಗಬಹುದಿತ್ತು. ಭೂಕಂಪವಾಗಬಹುದಿತ್ತು. ನಗಬೇಡಿ, ನಮ್ಮ ಕಡೆಯ ನೆಲ ಒಮ್ಮೆ ನಡುಗಿದ್ದನ್ನು ಕಂಡವರು ಯಾರೂ ಅದನ್ನು ಲೆಕ್ಕದಿಂದ ಬಿಡುವುದಿಲ್ಲ.

ಇದೆಲ್ಲ ನೆನಪಾದದ್ದು ಹೋದ ವಾರ, ಪಂಕ್ಚರ್ ಅಂಗಡಿಯೊಂದರ ಮುಂದೆ. ನನ್ನ ಸ್ಕೂಟರಿನ ಟ್ಯೂಬಿಗೆ ಅಂಗಡಿಯವ ಬೆರಳಿನಿಂದ ಸೊಲ್ಯೂಷನ್ ಸವರುತ್ತಿದ್ದ. ಆ ವಾಸನೆ ಮೂಗಿಗೆ ಹೊಡೆಯಿತು. ನನ್ನ ಅರ್ಧ ಆಯುಷ್ಯ ಆ ವಾಸನೆಯಲ್ಲೇ ಕಳೆದಿದೆ. ಆದರೂ ಯಾಕೋ ಅವತ್ತು ಅದು ನೇರವಾಗಿ ಒಂದು ಬೆಳಗಿಗೆ ಹೋಗಿ ನಿಂತಿತು...

ಆಗ ನಾನು ಬೀದರದಲ್ಲಿ ಧರ್ಮಾರ್ಥ ದವಾಖಾನೆಯೊಂದರ ಹಿಂದಿನ ಖೋಲಿಯಲ್ಲಿ ಚಪ್ಪಲಿ ಮಾಡುತ್ತಿದ್ದೆ. ಸಕ್ಕರೆ ಕಾಯಿಲೆಯಿಂದಲೋ ಇನ್ನೊಂದರಿಂದಲೋ ಪಾದದ ಸ್ಪರ್ಶ ಹೋದವರಿಗೆ, ಅದೇ ಸೊಲ್ಯೂಷನ್ ಹಚ್ಚಿ ಅಂಟಿಸಿದ ಮೆತ್ತನೆಯ ರಬ್ಬರಿನ ಚಪ್ಪಲಿ. ಅಂಥವರಿಗೆ ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ. ಒಂದೇ ಜಾಗಕ್ಕೆ ಭಾರ ಬಿದ್ದು ಬಿದ್ದು ಹುಣ್ಣಾದರೂ ತಿಳಿಯುವುದಿಲ್ಲ. ಕಿರಾಣಿ ಅಂಗಡಿಯವರ ಮಗ ನಾನು. ನನಗೆ ಹೆಣ್ಣು ನೋಡುವಾಗ ನಮ್ಮಪ್ಪ "ಹುಡುಗ ದವಾಖಾನ್ಯಾಗ ಇದ್ದಾನ್ರಿ" ಎಂದಷ್ಟೇ ಹೇಳುತ್ತಿದ್ದರು. ಕೆಲವರು ನನ್ನನ್ನು ರೋಗಿ ಎಂದುಕೊಂಡರು. ನಿಜ ಹೇಳಬೇಕೆಂದರೆ ಚಿಂತೆ ಮಾಡುವುದು ನನ್ನ ಮುಖ್ಯ ಉದ್ಯೋಗ, ಚಪ್ಪಲಿ ಉಪಕಸುಬು.

ಟೀಚರಬಾಯಿ ಔರಾದದಿಂದಾಚೆ, ಕಮಲನಗರದ ದಿಕ್ಕಿನ ಒಂದು ಊರಿನ ಸರ್ಕಾರಿ ಶಾಲೆಯವರು. ಶಾಲೆಗೆ ಇದ್ದದ್ದು ಅವರೊಬ್ಬರೇ. ಗಿಡ್ಡ ಆಳು, ಎಣ್ಣೆ ಹಚ್ಚಿ ಬಿಗಿದ ತುರುಬು, ಹೆಗಲಿಗೆ ಬಟ್ಟೆಚೀಲ. ಬಲಗಾಲ ಹೆಬ್ಬೆರಳ ಬುಡದಲ್ಲಿ ಅಂಗಾಲಿಗೆ ಒಂದು ಹುಣ್ಣಾಗಿ ಬಂದಿದ್ದರು. ನನ್ನ ಎದುರಿನ ಸ್ಟೂಲಿನಲ್ಲಿ ಕೂತು, ನಾನು ಅವರ ಹಳೆಯ ಚಪ್ಪಲಿ ತಿರುವಿ ನೋಡುತ್ತಿದ್ದುದನ್ನು ಸ್ವಲ್ಪ ಹೊತ್ತು ನೋಡಿದರು.

"ನಮ್ಮಜ್ಜ ನಿಮ್ಮಂಥವರ ಅಂಗಡಿ ಮುಂದ ಹಾಯಬೇಕಾದ್ರ ಚಪ್ಪಲ್ ಕೈಯಾಗ ಹಿಡಕೊಂಡು ಹಾಯತಿದ್ದ. ಈಗ ನೀವು ನನ್ನ ಚಪ್ಪಲ್ ಕೈಯಾಗ ಹಿಡಕೊಂಡು ಕೂತೀರಿ. ನಡೀಲಿ ಬಿಡ್ರಿ."

ಸಿಟ್ಟಿನಿಂದ ಹೇಳಿದ್ದಲ್ಲ. ಹವಾಮಾನ ಹೇಳಿದ ಹಾಗೆ ಹೇಳಿದರು. ನಾನು ಅಳತೆ ತೆಗೆದುಕೊಂಡೆ.

ಚಪ್ಪಲಿ ಮಾಡಿಕೊಟ್ಟೆ. ಹುಣ್ಣು ಬೇಸಿಗೆ ರಜೆಯಲ್ಲಿ ಮಾಯಿತು, ಶಾಲೆ ಶುರುವಾದ ಮೇಲೆ ಮತ್ತೆ ಬಾಯಿ ಬಿಟ್ಟಿತು. ಇನ್ನೊಂದು ಜೊತೆ ಮಾಡಿದೆ. ಅದೂ ಅಷ್ಟೇ. ಪ್ರತಿ ಸಲ ನಾನು ಅದು ಕೊಳೆತರೆ ಹೇಗೆ, ನಂಜೇರಿದರೆ ಹೇಗೆ ಎಂದು ಕೇಳುತ್ತಿದ್ದೆ. ನನ್ನ ಚಿಂತೆ ನೋಡಿ ಅವರು ನನಗೆ ಫಿಕರ್ ಸಾಹೇಬ್ರು ಎಂದು ಹೆಸರಿಟ್ಟರು. ದವಾಖಾನೆಯಲ್ಲೆಲ್ಲ ಅದೇ ನಿಂತಿತು. ಈಗಲೂ ಅಲ್ಲಿನ ಹಳೆಯ ನರ್ಸ್ ಒಬ್ಬರು ಹಾಗೆಯೇ ಕರೆಯುತ್ತಾರೆ.

ಅವು ಮಳೆ ಕೈಕೊಟ್ಟ ವರ್ಷಗಳು. ನಮ್ಮ ಖೋಲಿಯಲ್ಲಿ ಪಾದದ ಅಚ್ಚಿಗೆ ಪ್ಲಾಸ್ಟರ್ ಪಟ್ಟಿ ಅದ್ದಿದ ನೀರನ್ನೇ ಕೈ ತೊಳೆಯಲು ಇಟ್ಟುಕೊಳ್ಳುತ್ತಿದ್ದೆವು. ದಸರೆ ಮುಗಿಯುತ್ತಿದ್ದಂತೆ ಕಬ್ಬು ಕಡಿಯುವವರನ್ನು ಕರೆದೊಯ್ಯಲು ಲಾರಿಗಳು ಬರುತ್ತಿದ್ದವು. ಕೆಲವರು ಹೈದರಾಬಾದಿಗೆ, ಕೆಲವರು ಪುಣೆಗೆ. ಮನೆಗೆ ಬೀಗ, ಮಕ್ಕಳು ಗಂಟುಮೂಟೆಯ ಮೇಲೆ. ಟೀಚರಬಾಯಿ ಮನೆಮನೆಗೆ ಹೋಗಿ, ಅಜ್ಜಿಯ ಹತ್ತಿರವಾದರೂ ಮಕ್ಕಳನ್ನು ಬಿಟ್ಟು ಹೋಗಿರೆಂದು ಜಗಳಾಡುತ್ತಿದ್ದರು. ಕೆಲವರು ಬಿಡುತ್ತಿದ್ದರು. ಶಾಲೆಯ ಬಾಗಿಲು ತೆರೆದಿದೆ ಎನ್ನುವ ಒಂದೇ ಧೈರ್ಯದ ಮೇಲೆ.

ಹಾಗಿರುವಾಗ ಡಾಕ್ಟರು ಹೇಳಿಬಿಟ್ಟರು, ದೀಪಾವಳಿಯೊಳಗೆ ಹುಣ್ಣು ಮಾಯುವ ಲಕ್ಷಣ ಕಾಣದಿದ್ದರೆ ಹೆಬ್ಬೆರಳು ತೆಗೆಯಬೇಕಾಗುತ್ತದೆ, ತಡ ಮಾಡಿದರೆ ಪಾದವೂ ಹೋದೀತು. ತೆಗೆದರೆ ತಿಂಗಳುಗಟ್ಟಲೆ ಮಲಗಬೇಕು.

"ನಾ ಮಲಕೊಂಡ್ರ ಸಾಲಿಗಿ ಕೀಲಿ ಬೀಳ್ತದ್ರಿ," ಎಂದರು ಟೀಚರಬಾಯಿ. "ಕೀಲಿ ಬಿದ್ರ ಉಳಿದ ಕೂಸುಗಳೂ ಲಾರಿ ಹತ್ತತಾವ."

ಫಿಲಂ ಬಂದದ್ದು ಆಗ. ಕೊಳಾರದ ಕಾರ್ಖಾನೆಯಲ್ಲಿದ್ದ ಡಾಕ್ಟರ ಪರಿಚಯದ ಎಂಜಿನಿಯರೊಬ್ಬರು ಮಿಕ್ಕ ಕೆಲವು ಹಾಳೆ ಕೊಟ್ಟಿದ್ದರು. ಯಂತ್ರದ ಎರಡು ಮೈಗಳು ಒಂದಕ್ಕೊಂದು ಎಲ್ಲಿ ಹೆಚ್ಚು ಒತ್ತುತ್ತವೆ, ಎಲ್ಲಿ ತಾಗುವುದೇ ಇಲ್ಲ ಎಂದು ನೋಡುವುದಕ್ಕೆ ಅಲ್ಲಿ ಅದನ್ನು ಬಳಸುತ್ತಾರೆ. ಎರಡು ತೆಳು ಹಾಳೆ. ಒಂದರ ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಣ್ಣದ ಗುಳ್ಳೆಗಳು. ಒತ್ತಿದರೆ ಅವು ಒಡೆದು ಇನ್ನೊಂದು ಹಾಳೆ ಕೆಂಪಾಗುತ್ತದೆ. ಹಗುರ ಒತ್ತಿದರೆ ಗುಲಾಬಿ, ಜೋರಾಗಿ ಒತ್ತಿದರೆ ದಾಸವಾಳ. ಒಮ್ಮೆ ಮೂಡಿದ ಬಣ್ಣ ಹೋಗುವುದಿಲ್ಲ, ಹಾಳೆಯನ್ನು ಮತ್ತೆ ಬಳಸಲಾಗದು. ಇದನ್ನು ಚಪ್ಪಲಿಯೊಳಗೆ ಹಾಸಿ ನಿಲ್ಲಿಸಿದರೆ ಭಾರ ಎಲ್ಲಿ ಬೀಳುತ್ತದೆ ಎಂಬುದು ತಿಳಿಯುತ್ತದೆ ಎಂದು ಡಾಕ್ಟರ ವಿಚಾರ. ಮಡಚಿದರೂ ಕೆಂಪು, ಉಗುರು ತಾಗಿದರೂ ಕೆಂಪು. ನನ್ನಂಥವನ ಕೈಗೆ ಕೊಡಬಾರದ ವಸ್ತು ಅದು. ಒಂದು ವಾರ ಅದನ್ನು ನಾನು ಕಪಾಟಿನಲ್ಲಿಟ್ಟು ದಿನಾ ತೆಗೆದು ನೋಡಿದೆ.

ಆ ಬೆಳಿಗ್ಗೆ ಬಸ್ಸು ಕೆಡಲಿಲ್ಲ. ಡಾಕ್ಟರು ಬಂದರು. ಫಿಲಂ ಬೆಳ್ಳಗೇ ಇತ್ತು. ನಾನು ಪಾದದ ಆಕಾರಕ್ಕೆ ಕತ್ತರಿಸಿ ಚಪ್ಪಲಿಯೊಳಗೆ ಹಾಸಿ, ಮೇಲೆ ಕಾಲಿಡಿ ಎಂದೆ. ಟೀಚರಬಾಯಿ ಬಗ್ಗಿ ನೋಡಿದರು.

"ಇದು ಕಾಗದ ಅದ."

"ಅಲ್ಲರಿ, ಪ್ಲಾಸ್ಟಿಕ್."

"ಇದರ ಮ್ಯಾಲ ಏನರ ಮೂಡ್ತದೇನು?"

"ಮೂಡ್ತದ್ರಿ. ಕೆಂಪಗ."

"ಅದನ್ನ ನೀವು ಓದ್ತೀರಿ?"

"ಓದ್ತೀವಿ."

"ಮತ್ತ ಕಾಗದನ ಆತಲ್ಲರಿ." ಕಾಲು ಹಿಂದಕ್ಕೆ ಎಳೆದುಕೊಂಡರು. "ನಮ್ಮಪ್ಪನಿಗಿ ಸಾಲಿ ಒಳಗ ಬಿಡತಿರಲಿಲ್ಲ. ಕಟ್ಟಿ ಕೆಳಗ ಕೂತು, ಬ್ಯಾರೆ ಹುಡುಗರು ಹರದು ಒಗದ ಕಾಗದ ಆರಿಸಿ ಅಕ್ಷರ ಕಲ್ತಾನ. ನಾ ಅದನ್ನ ಹ್ಯಾಂಗ ತುಳೀಲಿ?"

ನಮ್ಮ ಮನೆಯಲ್ಲೂ ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದೆವು. ಆದರೆ ನಮಗದು ರೂಢಿ. ಅವರದು ಬೇರೆ.

ಡಾಕ್ಟರಿಗೆ ಹೊರಗೆ ರೋಗಿಗಳ ಸಾಲು. "ಬಾಯಿ, ಹಾಳಿ ದೊಡ್ಡದೋ ಬೆರಳು ದೊಡ್ಡದೋ?" ಎಂದರು.

"ಹಾಳಿ," ಎಂದರು ಟೀಚರಬಾಯಿ, ಯೋಚನೆ ಸಹ ಮಾಡದೆ.

ಡಾಕ್ಟರು ನನ್ನ ಕಡೆ ನೋಡಿದರು. ನಾನು ಗೋಡೆಯ ಕಡೆ ನೋಡಿದೆ. ಕೊನೆಗೆ ಟೀಚರಬಾಯಿಯೇ, ನಿಮ್ಮ ಮಾತು ಮುರಿಯಬಾರದು ಎಂದು, ಹಾಳೆಗೆ ಕೈಮುಗಿದು ಕಾಲಿಟ್ಟರು. ಮೇಜನ್ನು ಎರಡೂ ಕೈಯಿಂದ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತರು, ಇಳಿದರು. ನಾನು ಹಾಳೆ ಬೇರೆ ಮಾಡಿದೆ. ಹಿಮ್ಮಡಿಯಲ್ಲಿ ಒಂಚೂರು ಗುಲಾಬಿ, ಹೆಬ್ಬೆರಳ ಬುಡದಲ್ಲಿ ಏನೂ ಇಲ್ಲ. ಚಪ್ಪಲಿ ನಿರ್ದೋಷಿ. ಜೀವಮಾನದಲ್ಲಿ ನಾನು ಫಿಕರ್ ಬಿಟ್ಟ ಕೆಲವೇ ಗಳಿಗೆಗಳಲ್ಲಿ ಅದೊಂದು. ಬಹಳ ಹೊತ್ತು ಉಳಿಯಲಿಲ್ಲ. ಡಾಕ್ಟರು ಹಾಳೆಯನ್ನು ಕಿಟಕಿಗೆ ಹಿಡಿದು ನೋಡಿ, "ಇವರು ನಿಂತಾರೋ ಗಾಳ್ಯಾಗ ತೇಲ್ಯಾರೋ?" ಎಂದರು.

ಟೀಚರಬಾಯಿ ಸೆರಗು ಸರಿಮಾಡಿಕೊಂಡರು. "ಭಾರ ಕೊಡ್ಲಿಕ್ಕ ಮನಸ್ ಆಗಲಿಲ್ಲರಿ."

ಡಾಕ್ಟರು ತಲೆಯಾಡಿಸಿ ಹೊರಗಿನ ಸಾಲಿಗೆ ಹೋದರು. ನಾವಿಬ್ಬರೇ ಉಳಿದೆವು. ಆ ಅಳತೆಗೆ ಸಾಲುವಷ್ಟು ಫಿಲಂ ಇನ್ನೊಂದು ಸಲಕ್ಕೆ ಮಾತ್ರ ಇತ್ತು. ನಾನು ಅದನ್ನು ಕತ್ತರಿಸುವುದೋ ಬೇಡವೋ ಎಂದು ಕತ್ತರಿ ಹಿಡಿದು ಕೂತೆ. ಹೊರಗೆ ಟ್ಯಾಂಕರ್ ಬಂದ ಸದ್ದು, ಕೊಡಗಳ ಸದ್ದು...

"ಅಪ್ಪ ಈಗ ಇದ್ರ ನನಗ ಬೈತಿದ್ದ," ಎಂದರು ಆಮೇಲೆ. "ಕಾಗದ ಓದಲಿಕ್ಕ ಅದ, ಪೂಜಿ ಮಾಡ್ಲಿಕ್ಕ ಅಲ್ಲ ಅಂತಿದ್ದ. ಹಾಸ್ರಿ. ಮತ್ತ ಒಂದು ಖಡು ಕೊಡ್ರಿ."

"ಖಡು ಯಾಕ್ರಿ?"

"ನಾ ಸಾಲ್ಯಾಗ ನಿಲ್ಲೂದು ಬರಿಗೈಲಿ ಏನು?"

ಫಿಲಂ ಕತ್ತರಿಸಿ ಹಾಸಿ, ರಬ್ಬರಿನ ಮೇಲೆ ಗೆರೆ ಹಾಕುವ ಸೀಮೆಸುಣ್ಣದ ತುಂಡು ಕೊಟ್ಟೆ. ಚಪ್ಪಲಿ ಮೆಟ್ಟಿ ಗೋಡೆಯ ಎದುರು ನಿಂತರು. ಮೇಜು ಹಿಡಿಯಲಿಲ್ಲ. ನಾನು ಎದೆಯ ಎತ್ತರಕ್ಕೆ ಬರೆಯುತ್ತಾರೆ ಎಂದುಕೊಂಡಿದ್ದೆ. ಅವರು ಬಲಗೈ ಎತ್ತಿದರು, ಹಿಮ್ಮಡಿ ಎತ್ತಿದರು, ಇಡೀ ಮೈ ಬಲಗಾಲ ತುದಿಯ ಮೇಲೆ ಏರಿತು. ಕೈಗೆ ಎಟುಕುವಷ್ಟು ಎತ್ತರದಲ್ಲಿ, ದುಂಡಗೆ, ಒಂದು ಮಗುವಿನ ಹೆಸರು ಬರೆದರು. ಅದರ ಪಕ್ಕಕ್ಕೆ ಇನ್ನೊಂದು. ಮತ್ತೊಂದು.

ಯಾರ ಹೆಸರು ಎಂದು ಕೇಳಿದೆ.

"ಲಾರಿ ಹತ್ತಿದವರವು. ಹಲಿಗಿ ಮ್ಯಾಲಿನ ಅಂಚಿಗಿ ಬರೀತೇನಿ, ಅಲ್ಲಾದ್ರ ಯಾರೂ ಒರಸೂದಿಲ್ಲ. ದಿನಾ ಮುಂಜಾನಿ ಅದರ ಮ್ಯಾಲ ತಿದ್ದತೇನಿ. ತಿರುಗಿ ಬಂದಾಗ ತಮ್ಮ ಹೆಸರು ಇದ್ರ ಒಳಗ ಬರ್ಲಿಕ್ಕ ಹೆದರೂದಿಲ್ಲರಿ."

ಪ್ರತಿ ವರ್ಷ ಹೆಸರು ಹೆಚ್ಚಾಗುತ್ತಿದ್ದವಂತೆ. ಅವರ ಕಾಲಿಗೆ ಏನೂ ತಿಳಿಯುತ್ತಿರಲಿಲ್ಲ. ಬರೆದಷ್ಟೂ ಹೊತ್ತು ತುದಿಗಾಲಲ್ಲೇ ನಿಂತಿರುತ್ತಿದ್ದರು. ಸಾಲು ಮುಗಿದ ಮೇಲೆ ಅವರೇ ಇಳಿದರು.

ಫಿಲಂನಲ್ಲಿ ಹಿಮ್ಮಡಿ ಮಸುಕು. ಹೆಬ್ಬೆರಳ ಬುಡದಲ್ಲಿ ಮಾತ್ರ ದಾಸವಾಳ ಅರೆದು ಹಚ್ಚಿದಂತೆ ಒಂದು ಗುಂಡು ಕಲೆ. ಹುಣ್ಣಿದ್ದ ಜಾಗವೇ. ಡಾಕ್ಟರು ಬಂದು ಗೋಡೆ ನೋಡಿದರು, ಹಾಳೆ ನೋಡಿದರು, ಏನೂ ಹಾಸ್ಯ ಮಾಡಲಿಲ್ಲ. ಚಪ್ಪಲಿಯಲ್ಲಿ ಆ ಜಾಗಕ್ಕೆ ಕುಳಿ ತೆಗೆದು ಅದರ ಹಿಂದೆ ದಿಂಬಿನಂತೆ ಎತ್ತರಿಸಲು ನನಗೆ ಹೇಳಿದರು. ಹೆಸರು ಬರೆಯಬೇಡಿ ಎಂದು ಅವರಿಗೆ ಹೇಳಲಿಲ್ಲ; ಹಲಗೆಯ ಕೆಳಗೆ ಒಂದು ಕಟ್ಟೆ ಮಾಡಿಸಿಕೊಳ್ಳಿ ಎಂದರು. ಕಟ್ಟೆ ಕಟ್ಟಬೇಕಾದ ಊರಿನ ಗೌಂಡಿ ಪುಣೆಗೆ ಹೋಗಿದ್ದನಂತೆ. ಉಳಿದಿದ್ದ ಹೆಂಗಸರು ಬಿದ್ದ ಮನೆಯೊಂದರ ಶಹಾಬಾದ ಪರಸಿ ಕಲ್ಲುಗಳನ್ನು ಹೊತ್ತು ತಂದು ಒಂದರ ಮೇಲೊಂದು ಜೋಡಿಸಿದರಂತೆ. ಆ ಕಲ್ಲು ಜಾರಿದರೆ ಹೇಗೆ ಎಂದು ನಾನು ಆ ಚಳಿಗಾಲವೆಲ್ಲ ಯೋಚಿಸಿದೆ. ಜಾರಲಿಲ್ಲ. ದೀಪಾವಳಿಯ ಹೊತ್ತಿಗೆ ಹುಣ್ಣಿನ ಅಂಚು ಒಳಗೆ ಸರಿಯತೊಡಗಿತ್ತು, ಆಮೇಲೆ ಮುಚ್ಚಿತು. ಶಾಲೆಗೆ ಕೀಲಿ ಬೀಳಲಿಲ್ಲ.

ಆಮೇಲೂ ಪ್ರತಿ ವರ್ಷ ಹೊಸ ಚಪ್ಪಲಿಗೆ ಬರುತ್ತಿದ್ದರು. ಬಾಗಿಲಲ್ಲೇ ನಿಂತು, "ಏನ್ರಿ ಫಿಕರ್ ಸಾಹೇಬ್ರೆ, ಈ ವರ್ಷ ಯಾತರ ಫಿಕರ್?" ಎನ್ನುತ್ತಿದ್ದರು. ನಾನು ಹೇಳುತ್ತಿದ್ದೆ. ಅವರು ಪೂರ್ತಿ ಕೇಳುತ್ತಿದ್ದರು, ಅಂಥವರು ಕಡಿಮೆ. ನಿವೃತ್ತಿಯಾಗಿ ಭಾಲ್ಕಿಯಲ್ಲಿ ತಂಗಿಯ ಜೊತೆ ಉಳಿದರೆಂದು ಕೇಳಿದೆ. ಬರುವುದು ನಿಂತಿತು. ಅವರು ಹೋಗಿಬಿಟ್ಟದ್ದು ನನಗೆ ತಿಳಿದದ್ದು ಬಹಳ ತಡವಾಗಿ, ಕಮಲನಗರದಿಂದ ಚಪ್ಪಲಿಗೆ ಬಂದ ಒಬ್ಬರಿಂದ. ಮೊದಲು ಬಾಯಿಗೆ ಬಂದದ್ದು, ಕಾಲಿನಿಂದಲೋ ಎಂಬ ಪ್ರಶ್ನೆ. ಅಲ್ಲವಂತೆ, ಎದೆ ನಿಂತು ಹೋದದ್ದು. ಹೋಗುವಾಗ ಬೆರಳುಗಳೆಲ್ಲ ಇದ್ದವು. ಇದರಿಂದ ನನಗೆ ಸಮಾಧಾನವಾಗಬೇಕಿತ್ತು... ಆಗಲಿಲ್ಲ.

ಪಂಕ್ಚರ್ ಹಾಕಿಸಿಕೊಂಡು ಮನೆಗೆ ಬಂದು ಟ್ರಂಕು ತೆಗೆದೆ. ಆ ಎರಡನೆಯ ಹಾಳೆ ಇನ್ನೂ ಇದೆ. ಪಾದದ ಗುಲಾಬಿಯೆಲ್ಲ ಹಾರಿಹೋಗಿದೆ, ಹೆಬ್ಬೆರಳ ಬುಡದ ಕಲೆ ತುಕ್ಕಿನ ಬಣ್ಣಕ್ಕೆ ತಿರುಗಿದೆ. ಮತ್ತೆ ಅಂಚಿನಲ್ಲಿ, ಪಾದಕ್ಕೆ ಸಂಬಂಧವೇ ಇಲ್ಲದ ಎರಡು ಗುರುತು.

ಅವತ್ತು ಕಾಲು ತೆಗೆದ ಕೂಡಲೆ, ಹಾಳೆಗಳನ್ನು ನಾನು ಬೇರೆ ಮಾಡುವ ಮೊದಲೇ, ಟೀಚರಬಾಯಿ ಬಗ್ಗಿ ಎರಡೂ ಕೈಯಿಂದ ಅವನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡರು. ಬಿಗಿಯಾಗಿ ಹಿಡಿದಿದ್ದರು. ಆ ದಿನ ಕೆಟ್ಟದ್ದು ಇಷ್ಟೇ: ಹಾಳೆಯ ಅಂಚಿಗೆ ಅವರ ಕೈಯ ಹೆಬ್ಬೆರಳುಗಳು ಕೆಂಪಗೆ ಮೂಡಿಬಿಟ್ಟವು.