ಎರಡು ಅವಧಿ ಸಾಕೆಂದ ಅಧ್ಯಕ್ಷರು

ತೊಂಬತ್ತರ ದಶಕದಲ್ಲಿ ಬಿಳಿಗೆರೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ನಾನು ಟೀಚರ್ ಕೆಲಸದ ಪರೀಕ್ಷೆಗೆ ಓದುತ್ತಿದ್ದೆ. ಸಾಮಾನ್ಯ ಜ್ಞಾನದ ದಪ್ಪ ಪುಸ್ತಕ. "ಜೋರಾಗಿ ಓದವ್ವ, ಆಗ್ಲೇ ತಲೇಲಿ ನಿಲ್ಲೋದು" ಎಂದು ಮಾವ ಜಗಲಿಯ ಮೇಲೆ ಕಾಲು ನೀಡಿ ಕೂರುತ್ತಿದ್ದರು. ಹೀಗಾಗಿ ಅಮೆರಿಕದ ಮೊದಮೊದಲ ಅಧ್ಯಕ್ಷರ ಸಂಗತಿಗಳೆಲ್ಲ ನಮ್ಮ ಬೀದಿಗೇ ಬಾಯಿಪಾಠವಾದವು. ಎರಡನೆಯವರೂ ಮೂರನೆಯವರೂ ಒಂದೇ ದಿನ ತೀರಿಕೊಂಡರು, ಅದೂ ಅವರ ದೇಶದ ಸ್ವಾತಂತ್ರ್ಯದ ದಿನವೇ ಎಂದು ಓದಿದಾಗ ಎದುರುಮನೆಯ ಅಜ್ಜಿ "ಪುಣ್ಯವಂತ್ರು ಕಣವ್ವ" ಎಂದು ಕೈಮುಗಿದರು. ಮೊದಲನೆಯವರು ಅಧಿಕಾರ ಹಿಡಿದಾಗ ಅವರ ಬಾಯಲ್ಲಿ ಸ್ವಂತದ್ದು ಒಂದೇ ಹಲ್ಲಿತ್ತು ಎಂದಾಗಲಂತೂ ಮಾವ ತಮ್ಮ ಹಲ್ಲುಸೆಟ್ಟು ಪೂರ್ತಿ ಕಾಣುವಂತೆ ನಕ್ಕರು.

ಯಾಕೆಂದರೆ ಮಾವನೂ ಅಧ್ಯಕ್ಷರೇ, ಊರಿನ ಹಾಲಿನ ಡೈರಿಗೆ. ಎರಡು ಅವಧಿ ಮುಗಿಸಿದ್ದರು. ಮೂರನೆಯದಕ್ಕೂ ನಿಲ್ಲಿ ಎಂದು ಜನ ಗಂಟುಬಿದ್ದಿದ್ದರು. "ಯಾರು ಎಷ್ಟು ಕೂಗಾಡಿದ್ರೂ ತಲೆ ಆಡಿಸ್ಕೊಂಡು ಕೂತಿರ್ತಾರೆ, ಭೂಮಿ ತೂಕದ ಮನುಷ್ಯ" ಎಂದು ಎಲ್ಲರ ಮೆಚ್ಚುಗೆ.

ಅತ್ತೆಗೆ ಮಾತ್ರ ಈ ಅಧ್ಯಕ್ಷಗಿರಿ ಕಂಡರೆ ಮೈಯೆಲ್ಲ ಉರಿ. ಅಟ್ಟದ ತುಂಬ ಕೊಬ್ಬರಿಗೆಂದು ಹಾಕಿದ ಕಾಯಿ ಒಣಗಿ ಕೂತಿತ್ತು. ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಬೇಕು. ಲೊಡಲೊಡ ಅಂದರೆ ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಿದೆ ಎಂದರ್ಥ. ಸದ್ದಿಲ್ಲದ್ದನ್ನು ಒಡೆದರೆ ಉಂಡೆ ಕೊಬ್ಬರಿ ಚೂರುಚೂರು. ನಮ್ಮ ಮನೆಯಲ್ಲಿ ಆ ಕೆಲಸ ಮಾವನದೇ, ಬೇರೆಯವರು ಮುಟ್ಟುವಂತಿರಲಿಲ್ಲ. ಮಾವನೋ, ಡೈರಿ ಮೀಟಿಂಗು ಎಂದು ಅಟ್ಟ ಹತ್ತುವುದನ್ನು ಮುಂದೂಡುತ್ತಲೇ ಇದ್ದರು.

ಒಂದು ಸಂಜೆ ಓದಿದೆ: ಆ ಮೊದಲ ಅಧ್ಯಕ್ಷರು ಎರಡೇ ಅವಧಿ ಸಾಕೆಂದು ತಮ್ಮ ಜಮೀನಿಗೆ ಮರಳಿದರಂತೆ. ಬೇಕೆಂದು ತಪ್ಪು ಮಾಡಿಲ್ಲ, ತಿಳಿಯದೆ ಮಾಡಿದ್ದರೆ ಮರೆತುಬಿಡಿ ಎಂಬರ್ಥದ ಮಾತು ಹೇಳಿ ಹೋದರಂತೆ.

ಅತ್ತೆ ಅಡುಗೆಮನೆಯಿಂದಲೇ, "ಕೇಳಿಸ್ಕಂಡ್ರಾ? ಅಂಥೋನೇ ಬುಟ್ಟು ಹೋದ, ನಿಮ್ದೇನ್ರೀ?" ಎಂದರು.

"ಏನಂದ್ಲು?" ಎಂದು ಮಾವ ನನ್ನನ್ನು ಕೇಳಿದರು. ಜಾಣಕಿವುಡು ಎಂದುಕೊಂಡು ನಾನು ನಕ್ಕೆ.

ಮಾರನೆಯ ಬೆಳಿಗ್ಗೆ ಅತ್ತೆಯ ಕಾಟ ತಡೆಯಲಾರದೆ ಮಾವ ಅಟ್ಟ ಹತ್ತಿದರು. ಕಾಯಿ ಇಳಿಸಿಕೊಳ್ಳಲು ನಾನೂ ಹತ್ತಿದೆ. ಒಂದು ಕಾಯಿ ಅಲ್ಲಾಡಿಸಿ, ಇನ್ನೂ ಬಿಟ್ಟಿಲ್ಲ ಎಂದು ಪಕ್ಕಕ್ಕಿಟ್ಟರು. ಅದರ ಲೊಡಲೊಡ ಅಟ್ಟದ ಆ ತುದಿಯಲ್ಲಿದ್ದ ನನಗೇ ಕೇಳಿಸಿತ್ತು.

"ಮಾವ, ಅದು ಬುಟ್ಟೈತೆ" ಎಂದು ಹತ್ತಿರ ಹೋಗಿ ಜೋರಾಗಿ ಹೇಳಿದೆ.

ಮತ್ತೆ ಅಲ್ಲಾಡಿಸಿದರು. ಈ ಕಿವಿಗೆ, ಆ ಕಿವಿಗೆ. ಆಮೇಲೆ ಕಾಯಿಯನ್ನು ತೊಡೆಯ ಮೇಲಿಟ್ಟುಕೊಂಡರು.

"ಡೈರೀಲಿ ತಲೆ ಆಡಿಸಿದ್ರೆ ನಡೀತೈತೆ ಕಣವ್ವ," ಎಂದರು. "ಇಲ್ಲಿ ನಡಿಯಾಕಿಲ್ಲ."

ಹಿಂದಿನ ಸಂಜೆ ಜಾಣಕಿವುಡು ಎಂದು ನಕ್ಕಿದ್ದು ನೆನಪಾಯಿತು.

ಆ ವಾರದ ಡೈರಿ ಮೀಟಿಂಗಿನಲ್ಲಿ ಮಾವ ಎದ್ದುನಿಂತು, "ಎರಡು ಸಾಕು ಕಣ್ರಪ್ಪ. ತಿಳೀದೆ ತಪ್ಪು ಮಾಡಿದ್ರೆ ಮರ್ತುಬುಡಿ" ಎಂದರಂತೆ. ಎಂಥ ದೊಡ್ಡ ಮಾತು ಎಂದು ಊರೆಲ್ಲ ಕೊಂಡಾಡಿತು. ಅದು ಯಾವ ಅಧ್ಯಕ್ಷರದು ಎಂದು ನಾನು ಬಾಯಿ ಬಿಡಲಿಲ್ಲ.

ಅಲ್ಲಿಂದ ನೆಟ್ಟಗೆ ಮನೆಗೆ ಬಂದವರೇ ನನ್ನನ್ನೂ ಅಟ್ಟಕ್ಕೆ ಕರೆದರು. ಒಂದು ಕಾಯಿ ತೆಗೆದು, ತಮ್ಮ ಕಿವಿಗಲ್ಲ, ನನ್ನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು.

"ಏನಂತೈತೆ?"

"ಬುಟ್ಟೈತೆ, ಮಾವ!" ಎಂದೆ, ಅವರಿಗೆ ಕೇಳುವಷ್ಟು ಜೋರಾಗಿ.