ಜೊಂಬುನಜ್ಜಿಯ ತಲೆಕೆಳಗಿನ ಕಾಲುಚೀಲ

ಜೊಲ್ಲಾ ಸೀಮೆಯ ಸಣ್ಣ ಪೇಟೆಯೊಂದರ ಜಾನಪದ ವಸ್ತುಸಂಗ್ರಹಾಲಯದಲ್ಲಿ, ವಾರಕ್ಕೆ ಮೂರು ದಿನ, ಬಂದವರಿಗೆ ಹಳೆಯ ಅಡುಗೆಮನೆ ತೋರಿಸುವುದು ಎಪ್ಪತ್ತೊಂಬತ್ತರ ಜೊಂಬುನಜ್ಜಿಯ ಕೆಲಸ. ಅಲ್ಲಿರುವ ದೊಡ್ಡ ಜಾಡಿ ಅವಳ ಅತ್ತೆಯದು. ಸೋಯಾ ಕಾಳು ಹುದುಗಿಸಿ ದೆನ್‌ಜಾಂಗ್ ಎಂಬ ಗಟ್ಟಿ ಗೊಜ್ಜು ಮಾಡುತ್ತಿದ್ದ ಜಾಡಿ. ಮಗಳ ಅಪಾರ್ಟ್‌ಮೆಂಟಿಗೆ ಬಂದಮೇಲೆ ಪಕ್ಕದವರು ವಾಸನೆಯೆಂದು ಮೂಗು ಮುರಿದದ್ದಕ್ಕೆ ಇಲ್ಲಿಗೆ ಕೊಟ್ಟಳು. ಕೊಟ್ಟದ್ದೇ ತಪ್ಪಾಯಿತು.

ಇಂಥ ಜಾಡಿಯ ಹೊಟ್ಟೆಗೆ ಬಿಳಿ ಕಾಗದದ ಕಾಲುಚೀಲ ಅಂಟಿಸುತ್ತಾರೆ, ಅದೂ ತಲೆಕೆಳಗಾಗಿ, ಬಾಯಿ ಕೆಳಗೆ, ಬೆರಳು ಮೇಲೆ. ನೆಲದಿಂದ ಹತ್ತುವ ಹುಳು ಚೀಲದ ಬಾಯಿಗೆ ಹೊಕ್ಕು ಬೆರಳಿನ ತುದಿಯಲ್ಲಿ ಸಿಕ್ಕಿಬೀಳಲಿ ಎಂದು. ಮದುವೆಯಾದ ಹೊಸತರಲ್ಲಿ ಜೊಂಬುನ್ ಅದನ್ನು ನೆಟ್ಟಗೆ ಅಂಟಿಸಿದ್ದಳು. ಆ ವರ್ಷ ದೆನ್‌ಜಾಂಗ್ ಕೆಟ್ಟಿತು, ಅತ್ತೆಯ ಮರದ ಸೌಟು ಬೆನ್ನಿಗೆ ಬಿತ್ತು.

ಆದರೆ ಸಂಗ್ರಹಾಲಯ ನೋಡಲು ಬಂದವರು "ಉಲ್ಟಾ ಅಂಟಿಸಿದ್ದೀರಿ" ಎಂದು ಸಲಹೆ ಪುಸ್ತಕದಲ್ಲಿ ಬರೆದಿಟ್ಟು ಹೋಗುತ್ತಿದ್ದರು. ಮೇಲ್ವಿಚಾರಕ ಸುಹಾನ್ ಅದನ್ನು ನೆಟ್ಟಗೆ ಮಾಡುವುದು, ಮರುದಿನ ಅಜ್ಜಿ ಕಿತ್ತು ತಿರುಗಿಸುವುದು. ಎರಡು ವರ್ಷ ಇದೇ ಗೋಳು. ಈ ಸೋಮವಾರ ರಜೆಯಿದ್ದದ್ದೇ ನೆಪವಾಗಿ, ಸುಹಾನ್ ಜಾಡಿಯ ಸುತ್ತ ಗಾಜು ಕೂರಿಸಿ ಬೀಗ ಜಡಿದುಬಿಟ್ಟ. ಒಳಗೆ ಕಾಲುಚೀಲ ನೆಟ್ಟಗೆ ನಿಂತಿತ್ತು.

"ಬೀಗ ತೆಗಿಯೋ," ಎಂದಳು ಅಜ್ಜಿ ಮಂಗಳವಾರ.

"ಅಜ್ಜಿ, ಆಧಾರ ಬೇಕಲ್ವಾ? ಬರಹದಲ್ಲಿ ಎಲ್ಲಾದ್ರೂ ಇದ್ಯಾ?"

"ಆಧಾರವಾ! ನಾನೇ ಎದುರಿಗೆ ಉಸಿರಾಡ್ಕೊಂಡು ನಿಂತಿದ್ದೀನಲ್ಲೋ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ನಿಂಗೆ?"

ಸುಹಾನ್ ಹೊಸದೊಂದು ದಪ್ಪ ಪುಸ್ತಕ ತೆರೆದ. ಪುಟದ ತುಂಬ ಒಂದು ಜಾಡಿ, ಅದರ ಮೇಲೆ ನೆಟ್ಟಗಿನ ಕಾಲುಚೀಲ. "ನೋಡಿ, ಅಚ್ಚಾಗಿದೆ."

ಅಜ್ಜಿ ಕನ್ನಡಕ ಏರಿಸಿ ನೋಡಿದಳು. ಜಾಡಿಯ ಅಂಚು ಒಂದು ಕಡೆ ಒಡೆದಿತ್ತು.

"ಅಯ್ಯೋ, ಇದು ನನ್ನ ಜಾಡಿ ಕಣೋ! ಈ ಅಂಚು ಒಡೆದವಳೇ ನಾನು. ನೀನು ತಪ್ಪಾಗಿ ಅಂಟಿಸಿದ್ದನ್ನೇ ಅವರು ಫೋಟೋ ಹೊಡ್ಕೊಂಡು ಹೋಗಿದ್ದಾರೆ!"

ಸುಹಾನನ ಕಿವಿ ಕೆಂಪಾಯಿತು. "ಇರಬಹುದು ಅಜ್ಜಿ. ಆದ್ರೂ ಈಗ ಪುಸ್ತಕದಲ್ಲಿ ಬಂದುಬಿಟ್ಟಿದೆಯಲ್ಲ."

ಅಜ್ಜಿಗೆ ಪಿತ್ತ ನೆತ್ತಿಗೇರಿತು. ಸಿಟ್ಟಿನ ಅಡಿಯಲ್ಲಿ ಭಯವೂ ಇತ್ತು. ಇದನ್ನು ಕೈಯಾರೆ ಮಾಡಿದವರು ಊರಿನಲ್ಲಿ ಇನ್ನಿಬ್ಬರೋ ಮೂವರೋ. ಅವರೆಲ್ಲ ಕಣ್ಣು ಮುಚ್ಚಿದರೆ ಈ ಸುಳ್ಳೇ ಸಂಪ್ರದಾಯವಾಗಿ ಉಳಿಯುತ್ತದೆ.

ಅಷ್ಟರಲ್ಲಿ ಮೂವತ್ತು ಶಾಲಾ ಮಕ್ಕಳು ಟೀಚರ್ ಹಿಂದೆ ಗದ್ದಲ ಮಾಡುತ್ತ ಬಂದರು. ಅಜ್ಜಿ ಚಪ್ಪಾಳೆ ತಟ್ಟಿದಳು.

"ಮಕ್ಕಳಾ, ಎಲ್ರೂ ಜಾಡಿಗೆ ಬೆನ್ನು ಹಾಕಿ. ಈಗ ಬಗ್ಗಿ, ಕಾಲಸಂದಿಯಿಂದ ನೋಡಿ!"

ಮೊದಲು ತಾನೇ ಮಂಡಿ ಹಿಡಿದು ಬಗ್ಗಿದಳು. ಸೊಂಟ ಲಟಕ್ಕೆಂದಿತು. ಮಕ್ಕಳು ಕಿಲಕಿಲ ನಗುತ್ತ ಬಗ್ಗಿದರು. ಟೀಚರ್ ಅತ್ತಿತ್ತ ನೋಡಿ ತಾನೂ ಬಗ್ಗಿದಳು.

"ಕಾಲುಚೀಲದ ಬೆರಳು ಎಲ್ಲಿದೆ?"

"ಮೇಲೇ!"

"ಹಾಂ, ಅದು ಸರಿ. ಹಾಗಿರಬೇಕು."

ಸುಹಾನ್ ಪುಸ್ತಕ ಎದೆಗವಚಿಕೊಂಡು ಓಡಿ ಬಂದ. "ಅಜ್ಜಿ, ಏಳಿ! ಯಾರಾದ್ರೂ ನೋಡಿದ್ರೆ ಏನಂದ್ಕೋತಾರೆ?"

"ನೋಡ್ಲಿ," ಎಂದಳು ಜೊಂಬುನಜ್ಜಿ ಕಾಲಸಂದಿಯಿಂದಲೇ. "ನಾನು ಹೇಳಿ ಮುಗಿಸೋವರೆಗೂ ಒಬ್ರೂ ಏಳೋ ಹಾಗಿಲ್ಲ."